ಐನೂರು ಫ್ಲಾರಿನ್ ಅಂದರೆ ಎಷ್ಟು ದುಡ್ಡು?

ಪ್ರಶ್ನೆ: 14ನೆಯ ಶತಮಾನದ ಇಟಲಿಯ ಬೊಕ್ಕಾಚಿಯೊ ಬರೆದ ‘ಡೆಕಮೆರಾನ್’ ಕಥೆಗಳನ್ನು ಓದುತ್ತಿದ್ದೇನೆ. ಎಲ್ಲಿ ನೋಡಿದರೂ 200 ಫ್ಲಾರಿನ್, 500 ಫ್ಲಾರಿನ್, 1000 ಫ್ಲಾರಿನ್. ಈಗಿನ ರೂಪಾಯಿಯಲ್ಲಿ ಇದು ಎಷ್ಟಾಗುತ್ತದೆ? ಇಲ್ಲಾ ಕಥೆಗಾರ ಸುಮ್ನೆ ಬಾಯಿಗೆ ಬಂದ ಅಂಕಿ ಹಾಕಿದ್ದಾನಾ?
— ಓದುಗರು, ಶಿವಮೊಗ್ಗ

ಉತ್ತರ: ಚಿನ್ನದ ತೂಕ ಹೇಳಿಬಿಡಬಹುದು. ಫ್ಲಾರೆನ್ಸ್ ನಗರ 1252ರಲ್ಲಿ ಟಂಕಿಸಿದ ಫ್ಲಾರಿನ್‌ನಲ್ಲಿ ಸುಮಾರು ಮೂರೂವರೆ ಗ್ರಾಂ ಚಿನ್ನ ಇತ್ತು. ಐನೂರು ಅಂದರೆ ಕಾಲು ಕಡಿಮೆ ಎರಡು ಕೆ.ಜಿ. ಇವತ್ತಿನ ದರಕ್ಕೆ ಗುಣಿಸಿದರೆ ದೊಡ್ಡ ಮೊತ್ತ ಬರುತ್ತದೆ, ಆದರೆ ಅದರಿಂದ ಕಥೆ ಒಂದಿಷ್ಟೂ ಬಿಡಿಸಿಕೊಳ್ಳುವುದಿಲ್ಲ. ಆ ಕಾಲದ ಅಕ್ಕಿಬೇಳೆ, ಬಾಡಿಗೆ, ಕೂಲಿ ಯಾವುದೂ ನಮ್ಮದರ ಜೊತೆ ತಾಳೆಯಾಗುವುದಿಲ್ಲ. ಯಾರು ಯಾವ ನಾಣ್ಯದಲ್ಲಿ ಎಣಿಸುತ್ತಾರೆ ಅಂತ ಗಮನಿಸಿ. ಕಥೆಯ ಬೀಗದ ಕೈ ಅಲ್ಲಿದೆ.

ದೂರದೂರಿನ ವ್ಯಾಪಾರಿಗಳ ದುಡ್ಡು ಫ್ಲಾರಿನ್. ಊರಿನವರ ದಿನನಿತ್ಯದ ಲೆಕ್ಕ ಲೀರಾ, ಸೊಲ್ದೊಗಳಲ್ಲಿ: 12 ದೆನಾರೊಗೆ ಒಂದು ಸೊಲ್ದೊ, 20 ಸೊಲ್ದೊಗೆ ಒಂದು ಲೀರಾ. ಶುರುವಿನಲ್ಲಿ ಫ್ಲಾರಿನ್ ಒಂದು ಲೀರಾಗೆ ಸಮ. ನೂರು ವರ್ಷ ಕಳೆದು ಬೊಕ್ಕಾಚಿಯೊ ಬರೆಯುವ ಹೊತ್ತಿಗೆ ಮೂರು ಲೀರಾ ದಾಟಿತ್ತು.

ಪುಸ್ತಕದಲ್ಲಿ ಹತ್ತು ಜನ ಸೇರಿ ಹತ್ತು ದಿನ, ದಿನಕ್ಕೆ ಹತ್ತರಂತೆ ಕಥೆ ಹೇಳುತ್ತಾರಲ್ಲ, ಅದರಲ್ಲಿ ಎಂಟನೆಯ ದಿನದ ಎರಡನೆಯ ಕಥೆ ನೋಡಿ. ಹಳ್ಳಿಯ ಹೆಂಗಸು ಬೆಲ್ಕೊಲೊರೆಗೆ ಗಿರವಿ ಇಟ್ಟ ಲಂಗ, ಸೊಂಟಪಟ್ಟಿ ಬಿಡಿಸಿಕೊಳ್ಳಲು ಐದು ಲೀರಾ ಬೇಕು. ಅಂದರೆ ಎರಡು ಫ್ಲಾರಿನ್‌ಗೂ ಕಡಿಮೆ! ಅವಳ ಮೇಲೆ ಆಸೆಪಟ್ಟು ಬಂದ ಪಾದ್ರಿಯ ಕೈಲಿ ಅಷ್ಟೂ ಇಲ್ಲ. ತನ್ನ ಮೇಲಂಗಿಯನ್ನು ಒತ್ತೆ ಇಡುತ್ತಾ, ‘ಇದಕ್ಕೆ ಏಳು ಲೀರಾ ಕೊಟ್ಟಿದ್ದೇನೆ, ಅದೂ ಐದು ಸೊಲ್ದೊ ಅಗ್ಗಕ್ಕೆ ಸಿಕ್ಕಿತು’ ಅನ್ನುತ್ತಾನೆ. ಆ ಐದು ಸೊಲ್ದೊ ಎಷ್ಟು ಚೆನ್ನಾಗಿದೆ ಅಲ್ವಾ? ಚಿಲ್ಲರೆ ಸೇರಿಸಿ ಹೇಳಿದ ಬೆಲೆಯನ್ನು ಜನ ಬೇಗ ನಂಬುತ್ತಾರೆ ಅಂತ ಬೊಕ್ಕಾಚಿಯೊಗೆ ಗೊತ್ತು.

ಗೊತ್ತಿರದೆ ಏನು? ಅವನ ಅಪ್ಪ ಬಾರ್ದಿ ಮನೆತನದ ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ವ್ಯಾಪಾರ ಕಲಿಯಲಿ ಅಂತ ಹುಡುಗನನ್ನೂ ನೇಪಲ್ಸ್‌ನಲ್ಲಿ ಆ ಕಸುಬಿಗೆ ಹಚ್ಚಿದ್ದ.

ಆ ತರಬೇತಿ ಎದ್ದು ಕಾಣುವುದು ಅದೇ ದಿನದ ಹತ್ತನೆಯ ಕಥೆಯಲ್ಲಿ. ಪಲೆರ್ಮೊ ಬಂದರಿಗೆ ಬಂದ ಸರಕೆಲ್ಲ ಸುಂಕದ ಉಗ್ರಾಣ ಸೇರುತ್ತದೆ. ಯಾವ ಮಾಲು, ಎಷ್ಟು ಬೆಲೆ ಅಂತ ವ್ಯಾಪಾರಿ ಬರೆದುಕೊಡುತ್ತಾನೆ. ಆ ಪುಸ್ತಕ ನೋಡಿ ದಲ್ಲಾಳಿಗಳು ವ್ಯವಹಾರ ಕುದುರಿಸುತ್ತಾರೆ. ದುಡ್ಡಿರುವವನು ಯಾರು ಅಂತ ವಂಚಕಿಯರಿಗೆ ತಿಳಿಯುವುದೂ ಅಲ್ಲಿಂದಲೇ. ಸಾಲಬಾಯೆಟ್ಟೊ ಎಂಬ ಹುಡುಗ ಹೀಗೆ ಒಬ್ಬ ವಂಚಕಿಯ ಕೈಗೆ ಸಿಕ್ಕಿ 500 ಫ್ಲಾರಿನ್ ಕಳೆದುಕೊಳ್ಳುತ್ತಾನೆ. ಆಮೇಲೆ ಪೀಪಾಯಿಗಳಲ್ಲಿ ಸಮುದ್ರದ ನೀರು ತುಂಬಿ, ಮೇಲೊಂದಿಷ್ಟು ಎಣ್ಣೆ ಬಿಟ್ಟು, ನಾರು ತುಂಬಿದ ಮೂಟೆಗಳ ಜೊತೆ ವಾಪಸ್ ಬರುತ್ತಾನೆ. ಮಾಲಿನ ಬೆಲೆ 2000 ಫ್ಲಾರಿನ್‌ಗೂ ಜಾಸ್ತಿ ಅಂತ ಬರೆಸುತ್ತಾನೆ. ಅದನ್ನು ನಂಬಿದ ಆ ವಂಚಕಿ ಹಳೆಯ 500 ಹಿಂದಿರುಗಿಸಿ, ಮಾಲಿನ ಭರವಸೆ ಮೇಲೆ ಇನ್ನೂ 1000 ಸಾಲ ಕೊಡಿಸುತ್ತಾಳೆ. ಆಮೇಲೆ ಉಗ್ರಾಣ ತೆಗೆಸಿದರೆ ಒಳಗಿದ್ದ ಒಟ್ಟು ಮಾಲು 200 ಬಾಳುವುದಿಲ್ಲ. ಇಲ್ಲಿ ಅಂಕಿಗಳನ್ನು ಬಿಟ್ಟರೆ ಕಥೆಯೇ ನಿಲ್ಲುವುದಿಲ್ಲ. ಮೋಸ ನಡೆದಿರುವುದೇ ಬರೆಸಿದ ಬೆಲೆಗೂ ಒಳಗಿನ ಮಾಲಿಗೂ ಇರುವ ಅಂತರದಲ್ಲಿ.

ಎರಡನೆಯ ದಿನದ ಆಂಡ್ರೆಯುಚ್ಚೊ ಕಥೆಯೂ ಹಾಗೆಯೇ. ಕುದುರೆ ಕೊಳ್ಳಲು 500 ಫ್ಲಾರಿನ್ ಹಿಡಿದು ನೇಪಲ್ಸ್‌ಗೆ ಬಂದವನು ಸಂತೆಯಲ್ಲಿ ಚೀಲ ತೋರಿಸುತ್ತಾ ಓಡಾಡಿ ದುಡ್ಡೆಲ್ಲ ಕಳೆದುಕೊಳ್ಳುತ್ತಾನೆ. ಕೊನೆಗೆ ಆರ್ಚ್‌ಬಿಷಪ್ ಒಬ್ಬರ ಗೋರಿಯಿಂದ ಮಾಣಿಕ್ಯದ ಉಂಗುರ ಸಿಗುತ್ತದೆ. ಅದರ ಬೆಲೆ 500ಕ್ಕೂ ಹೆಚ್ಚು ಅಂತ ಮೊದಲೇ ಹೇಳಿರುತ್ತಾನೆ ಕಥೆಗಾರ. ಖಾತೆ ಸರಿಹೋಯಿತು.

ಆದರೆ ಅವನು ಕೊಡುವ ಎಲ್ಲ ಅಂಕಿಯನ್ನೂ ಹೀಗೆ ನಂಬಬೇಡಿ. ಪುಸ್ತಕದ ಆರಂಭದಲ್ಲಿ, 1348ರ ಪ್ಲೇಗಿಗೆ ಫ್ಲಾರೆನ್ಸ್ ಗೋಡೆಯೊಳಗೆ ಒಂದು ಲಕ್ಷಕ್ಕೂ ಮಿಕ್ಕಿ ಜನ ಸತ್ತರು ಅನ್ನುತ್ತಾನೆ. ಅದಕ್ಕೆ ಹತ್ತು ವರ್ಷ ಹಿಂದಿನ ನಗರದ ಬಗ್ಗೆ ಬರೆದ ಫ್ಲಾರೆನ್ಸಿನ ಚರಿತ್ರೆಕಾರ ಜೊವಾನ್ನಿ ವಿಲ್ಲಾನಿ ಲೆಕ್ಕದಲ್ಲಿ ಊರಿನ ಒಟ್ಟು ಜನವೇ ಸುಮಾರು 90,000.