ದೊಡ್ಡ ಅಕ್ಷರದ ಪುಸ್ತಕ ಎಲ್ಲಿ ಸಿಗುತ್ತೆ?

ಪ್ರಶ್ನೆ: ನಮ್ಮ ಮಾವನೋರಿಗೆ 72 ವರ್ಷ, ಹತ್ತಿ ಮಿಲ್ಲಲ್ಲಿ ದುಡಿದೋರು, ಕಾದಂಬರಿ ಸಿಕ್ರೆ ಊಟ ಮರೆಯೋರು. ಶುಗರ್ ಬಂದ್ಮೇಲೆ ಕಣ್ಣು ಮಂಜಾಗಿ ಎರಡು ವರ್ಷದಿಂದ ಪುಸ್ತಕ ಮುಟ್ಟಿಲ್ಲ. ಲೈಬ್ರರಿಲಿ ಕೇಳಿದ್ರೆ ಅಂಥೋರಿಗೆ ಅಂತ ಬೇರೆ ಪುಸ್ತಕ ಇಲ್ಲ ಅಂದ್ರು. ಏನ್ ಮಾಡ್ಲಿ?
– ಒಬ್ಬ ಸೊಸೆ, ದಾವಣಗೆರೆ

ಉತ್ತರ: ನೋಡ್ರಮ್ಮಾ, ಮೊದಲು ಕಣ್ಣಿನ ಡಾಕ್ಟ್ರ ಹತ್ರ ರೆಟಿನಾ ತೋರ್ಸಿ, ಶುಗರ್ ಇರೋರು ವರ್ಷಕ್ಕೊಂದ್ಸಲ ತೋರಿಸ್ಲೇಬೇಕು. ಇನ್ನು ಪುಸ್ತಕ. ಕನ್ನಡದಲ್ಲಿ ಮಂಜು ಕಣ್ಣಿಗೆ ಕಾಟ ಕೊಡೋದು ಒತ್ತಕ್ಷರ, ಮೇಲಿನ ಅಕ್ಷರ ಕಂಡ್ರೂ ಕೆಳಗಿನ ಒತ್ತು ಬರೀ ಚುಕ್ಕಿ ಥರ ಕಾಣುತ್ತೆ, ಅಲ್ಲಿಗೆ ಓದೋ ಆಸೇನೇ ಹೋಗುತ್ತೆ. ಅದಕ್ಕೆ ಲೈಬ್ರರಿಲಿ "ಕಣ್ಣು ಕಾಣದೋರಿಗೆ ಏನಿದೆ" ಅಂತ ಕೇಳೋ ಬದಲು ಮಾವನೋರನ್ನೇ ಕರ್ಕೊಂಡು ಹೋಗಿ, ಅವರಿಗೆ ಇಷ್ಟವಾದ ಕಾದಂಬರಿಗಳ ಕಪಾಟಲ್ಲಿ ಹಳೇದು ಹೊಸದು ಎರಡೂ ಮುದ್ರಣ ತೆಗೆದು ಕಿಟಕಿ ಬೆಳಕಲ್ಲಿ ಒಂದೊಂದು ಪ್ಯಾರಾ ಓದಿಸಿ ನೋಡಿ, ಸಾಲಿನ ಮಧ್ಯ ಜಾಗ ಬಿಟ್ಟಿರೋದು ಸಿಕ್ರೆ ಅದನ್ನೇ ತನ್ನಿ. ಅಕ್ಷರ ದೊಡ್ಡದಿದೆ ಅಂತ ಮಕ್ಕಳ ಪುಸ್ತಕ ಮಾತ್ರ ಕೊಡ್ಬೇಡಿ, ಜೀವನವೆಲ್ಲಾ ಓದಿದ ಮನುಷ್ಯನಿಗೆ ತುಂಬಾ ನೋವಾಗುತ್ತೆ.

ಅದೂ ಆಗ್ಲಿಲ್ಲ ಅಂದ್ರೆ ಕೇಳೋದು. ಆಂಡ್ರಾಯ್ಡ್ ಫೋನಲ್ಲಿ ಪರದೆ ಮೇಲಿರೋದನ್ನ ಓದಿ ಹೇಳೋ ಟಾಕ್‌ಬ್ಯಾಕ್ ಕನ್ನಡ ಓದುತ್ತೆ, ದುಡ್ಡಿಲ್ಲ, ಆದ್ರೆ ಸ್ಕ್ಯಾನ್ ಮಾಡಿದ ಪಿಡಿಎಫ್ ಅದಕ್ಕೆ ಬರೀ ಫೋಟೋ ಇದ್ದಂಗೆ, ನುಡಿ ಅನ್ನೋ ಹಳೇ ಕನ್ನಡ ಫಾಂಟಿನ ಫೈಲೂ ಸರಿಯಾಗಿ ಓದಲ್ಲ, ಎಲ್ಲಾ ಫೋನಿಗೂ ಅರ್ಥ ಆಗೋ ಯುನಿಕೋಡ್ ಅನ್ನೋ ಅಕ್ಷರ ಪದ್ಧತೀಲೇ ಇರ್ಬೇಕು. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಅಂತ ಆನ್‌ಲೈನ್ ಲೈಬ್ರರಿ ಇದೆ, ಅಚ್ಚಾದ ಪುಸ್ತಕ ಓದೋಕಾಗದೋರಿಗೇ ಮಾಡಿರೋದು, ಮೆಂಬರ್ ಆಗ್ಬೇಕು. ನೀವೇ ದಿನಾ ಒಂದು ಅಧ್ಯಾಯ ಓದಿ ಫೋನಲ್ಲಿ ರೆಕಾರ್ಡ್ ಮಾಡ್ಕೊಟ್ರೂ ಆಗುತ್ತೆ. ಕಾಪಿರೈಟ್ ಭಯ ಬೇಡ, 2012ರ ತಿದ್ದುಪಡಿ ಪ್ರಕಾರ ಓದೋಕಾಗದ ಅಂಗವಿಕಲರಿಗೆ ಲಾಭ ಇಲ್ದೆ ಹಿಂಗೆ ಮಾಡ್ಕೊಡಬಹುದು. ಸೊಸೆ ದನಿಯಲ್ಲಿ ಕಾದಂಬರಿ ಕೇಳೋ ಮಾವ, ನನಗಂತೂ ನೆನೆಸ್ಕೊಂಡ್ರೇ ಖುಷಿ ಆಗುತ್ತೆ.

ಪ್ರಶ್ನೆ: ನಾನು ಚಳ್ಳಕೆರೆ ಕಡೆ ಪಂಚಾಯ್ತಿ ಅರಿವು ಕೇಂದ್ರ (ಹಳ್ಳಿ ಲೈಬ್ರರಿ) ನೋಡ್ಕೊತೀನಿ. ನಾಲ್ಕನೇ ಕ್ಲಾಸಿನ ಹುಡುಗಿ, ಮನೆಮಾತು ತೆಲುಗು, ಕನ್ನಡ ಪುಸ್ತಕ ಕೊಟ್ರೆ ಚಿತ್ರ ನೋಡಿ ವಾಪಸ್ ಇಡ್ತಾಳೆ.
– ಒಬ್ಬ ಓದುಗ, ಚಿತ್ರದುರ್ಗ ಜಿಲ್ಲೆ

ಉತ್ತರ: ಚಿತ್ರ ನೋಡ್ತಾಳಲ್ಲ, ಅದೇ ದಾರಿ ಸಾರ್. ಆ ಚಿತ್ರದ ಕಥೇನ ತೆಲುಗಲ್ಲೇ ಹೇಳು ಅನ್ನಿ, ಪೂರ್ತಿ ಕೇಳಿ, ಮಧ್ಯ ತಿದ್ದಬೇಡಿ, ಆಮೇಲೆ ನೀವು ಕನ್ನಡದಲ್ಲಿ ಓದಿ ಹೇಳಿ. ಪ್ರಥಮ್ ಬುಕ್ಸ್ ಅನ್ನೋ ಮಕ್ಕಳ ಪುಸ್ತಕದ ಪ್ರಕಾಶಕರ ವೆಬ್‌ಸೈಟ್ ಸ್ಟೋರಿವೀವರ್‌ನಲ್ಲಿ ಒಂದೇ ಕಥೆ ಕನ್ನಡದಲ್ಲೂ ತೆಲುಗಲ್ಲೂ ಇರೋದು ಎಷ್ಟೋ ಸಿಗುತ್ತೆ, ಫ್ರೀ, ಪ್ರಿಂಟ್ ತೆಗೆದು ಪಕ್ಕ ಪಕ್ಕ ಇಡಿ. ಅಲ್ಲಿ ಕಥೆಗಳಿಗೆ ಓದೋ ಮಟ್ಟದ ಲೆವೆಲ್ ಇರುತ್ತೆ, 1ರಿಂದ ಶುರು ಮಾಡಿ, ನಾಲ್ಕನೇ ಕ್ಲಾಸು ಅಂತ 4ಕ್ಕೆ ಹಾರಬೇಡಿ. ಎರಡೂ ಲಿಪಿ ಅಕ್ಕತಂಗಿ ಇದ್ದಂಗೆ ಇರೋದ್ರಿಂದ ಅವರ ಮನೇಲಿ ತೆಲುಗು ಓದೋ ಅಜ್ಜನೋ ಅಮ್ಮನೋ ಇದ್ರೆ ಪುಸ್ತಕ ಮನೆಗೂ ಕಳಿಸಿ.