ಬಿಲ್ಲಿನಲ್ಲಿ ಉಳಿದ ದುಡ್ಡು

(ಗುರುತು ಸಿಗದಂತೆ ಬಡಾವಣೆ, ಉದ್ಯೋಗ, ಮಕ್ಕಳ ವಿವರಗಳನ್ನು ಬದಲಿಸಲಾಗಿದೆ. ಬರೆಯಲು ದಂಪತಿ ಇಬ್ಬರೂ ಒಪ್ಪಿದ್ದಾರೆ.)

ಗಂಡ ಹೆಂಡತಿ ನಡುವೆ ದುಡ್ಡಿನ ಜಗಳ ಎಂದರೆ ಕುಡಿತ, ಕೈಸಾಲ, ಚೀಟಿ ವ್ಯವಹಾರ ಎಂದೇ ಮೊದಲು ಎಣಿಸುತ್ತೇವೆ. ಈಚೆಗೆ ಆಪ್ತಸಲಹೆಗೆ ಬರುವ ಮನೆಗಳಲ್ಲಿ ಬೇರೊಂದು ಬಗೆ ಮತ್ತೆ ಮತ್ತೆ ಕಾಣಿಸುತ್ತಿದೆ. ಕುಡಿತವಿಲ್ಲ, ದೊಡ್ಡ ಸಾಲವಿಲ್ಲ. ಇಬ್ಬರೂ ನಾಲ್ಕು ಕಾಸು ಉಳಿಸೋಣವೆಂದೇ ಹೊರಟವರು. ಜಗಳ ಹತ್ತಿಕೊಂಡಿರುವುದು ದಿನಸಿ ಬಿಲ್ಲಿಗೆ. ಅಂಥ ಒಂದು ಪ್ರಕರಣ ಇದು.

ದಾವಣಗೆರೆಯ ಹಳೆಯ ಬಡಾವಣೆಯೊಂದರ ಐದು ಜನರ ಮನೆ. ಗಂಡನಿಗೆ ಖಾಸಗಿ ಕೆಲಸ, ಕೈಗೆ ಬರುವುದು ತಿಂಗಳಿಗೆ ₹24,000. ಹೆಂಡತಿ ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಹೆಂಡತಿಯ ತವರು ಚಳ್ಳಕೆರೆ ಹತ್ತಿರದ ಹಳ್ಳಿ. ಮೊದಲೆಲ್ಲ ತಿಂಗಳ ದಿನಸಿ ಬೀದಿ ತುದಿಯ ಶೆಟ್ಟರ ಅಂಗಡಿಯಿಂದ ಬರುತ್ತಿತ್ತು, ಸುಮಾರು ₹6,200. ಏಳು ತಿಂಗಳ ಹಿಂದೆ ಎಂಆರ್‌ಪಿಗಿಂತ ಕಡಿಮೆಗೆ ಕೊಡುವ ದೊಡ್ಡ ಮಾರ್ಟಿಗೆ ಬದಲಾಯಿಸಿದರು. ಸಂಬಳ ಬಂದ ಮೇಲಿನ ಭಾನುವಾರ ಸಂಜೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಆಟೋದಲ್ಲಿ ಹೋಗುವುದು, ಗಂಡ ಕೊಟ್ಟ ದುಡ್ಡಿನಲ್ಲಿ ಸಾಮಾನು ತರುವುದು, ಬಿಲ್ಲನ್ನು ಗಂಡನ ಕೈಗೆ ಕೊಡುವುದು. ಹೀಗೆ ನಡೆದಿತ್ತು.

ಮೊದಲ ಭೇಟಿಗೆ ಗಂಡ ಏಳು ಬಿಲ್ಲುಗಳಿಗೆ ಪಿನ್ ಹೊಡೆದುಕೊಂಡು ಬಂದಿದ್ದರು. ಪ್ರತಿ ಬಿಲ್ಲಿನ ಕೊನೆಗೆ ‘ನೀವು ಉಳಿಸಿದ ಮೊತ್ತ’ ಎಂದು ಅಚ್ಚಾಗುತ್ತದಲ್ಲ, ಆ ಅಂಕಿಯ ಸುತ್ತ ಕೆಂಪು ಪೆನ್ನಿನ ಗೆರೆ. ಏಳನ್ನೂ ಕೂಡಿಸಿದರೆ ₹9,640.

“ಅಂಗಡಿಯೋರೇ ಬರ್ದಾರ ಮೇಡಂ, ಇಷ್ಟು ಉಳಿದೈತಿ ಅಂತ. ನನ್ನ ಕೈಗೆ ಬಂದಿಲ್ಲ, ಮನಿಯಾಗೂ ಇಲ್ಲ. ಹಂಗಾರ ಎಲ್ಲಿಗೆ ಹೋತು?”

ತವರಿಗೆ ಹೋಗುತ್ತಿದೆ ಎಂದು ಅವರು ಆಗಲೇ ತೀರ್ಮಾನಿಸಿದ್ದರು. ಹಿಂದಿನ ವಾರ ಮಕ್ಕಳ ಎದುರಿಗೇ ‘ಕಳ್ಳಿ’ ಎಂಬ ಮಾತು ಬಂದಿತ್ತು. ಅಂದಿನಿಂದ ಹೆಂಡತಿ ಅಡುಗೆ ಮಾಡಿಟ್ಟು ಮಾತು ಬಿಟ್ಟಿದ್ದರು.

ಆಪ್ತಸಲಹೆಗಾರರು ಮನಸ್ಸಿನ ಮಾತು ಕೇಳಬೇಕೇ ಹೊರತು ಬೇಳೆ ಬೆಲ್ಲದ ಲೆಕ್ಕಕ್ಕೆ ಕೂರಬಾರದು ಎಂಬ ಆಕ್ಷೇಪ ಉಂಟು. ಈ ಪ್ರಕರಣದಲ್ಲಿ ಅದು ಒಪ್ಪುವಂಥದ್ದಲ್ಲ. ಅನುಮಾನ ಹುಟ್ಟಿದ್ದೇ ಒಂದು ಅಂಕಿಯಿಂದ. ಆ ಅಂಕಿಯನ್ನು ಹಾಗೇ ಬಿಟ್ಟು ‘ಪರಸ್ಪರ ನಂಬಿ’ ಎಂದು ಹೇಳಿ ಕಳಿಸಿದ್ದರೆ, ಮುಂದಿನ ಬಿಲ್ಲು ಬಂದ ದಿನ ಅದೇ ಜಗಳ ಮತ್ತೆ ಹತ್ತುತ್ತಿತ್ತು. ಹಾಗಾಗಿ ಎರಡನೆಯ ಭೇಟಿಯ ಒಂದೂವರೆ ಗಂಟೆ ಪೂರ್ತಿ ಒಂದೇ ಒಂದು ಬಿಲ್ಲಿಗೆ ಹೋಯಿತು.

ಕೊನೆಯ ತಿಂಗಳ ಬಿಲ್ಲು. ಕೊಟ್ಟ ಹಣ ₹7,260, ಎಂಆರ್‌ಪಿ ಲೆಕ್ಕದಲ್ಲಿ ₹8,690, ‘ಉಳಿಸಿದ್ದು’ ₹1,430. ಪೆನ್ಸಿಲ್ ಹೆಂಡತಿಯ ಕೈಗೆ ಕೊಟ್ಟು, ಒಂದೊಂದು ಸಾಲಿಗೂ ಮೂರರಲ್ಲಿ ಒಂದು ಗುರುತು ಹಾಕಲು ಹೇಳಲಾಯಿತು. ಎಲ್ಲಿಂದ ತಂದರೂ ತರಲೇಬೇಕಾದ ಸಾಮಾನಿಗೆ ಸರಿ ಗುರುತು. ಆಫರ್ ಇತ್ತೆಂದು ತಂದದ್ದಕ್ಕೆ ಸೊನ್ನೆ. ದಿನಸಿಯೇ ಅಲ್ಲದ್ದಕ್ಕೆ ಅಡ್ಡಗೆರೆ. ಗಂಡ ಪಕ್ಕದಲ್ಲಿ ಕೂತು ಕೂಡುತ್ತಾ ಹೋಗಬೇಕು, ನಡುವೆ ಮಾತಾಡಬಾರದು.

ಸರಿ ಗುರುತು ಬಿದ್ದ ಬೇಳೆ, ಸಕ್ಕರೆ, ರವೆ, ಸೋಪು, ಚಹಾಪುಡಿ ಎಲ್ಲ ಸೇರಿ ₹4,180. ಸೊನ್ನೆ ಬಿದ್ದವು ₹1,690: ಒಂದಕ್ಕೊಂದು ಫ್ರೀ ಬಿಸ್ಕತ್ತು, ಮೂರು ಬಾಟಲಿ ಸಾಸ್, ನೂಡಲ್ಸ್ ಕಟ್ಟು, ಪ್ಲಾಸ್ಟಿಕ್ ಚೀಲದ ಎರಡು ಮಂಡಕ್ಕಿ ಪ್ಯಾಕೆಟ್. ಮಂಡಕ್ಕಿ ಭಟ್ಟಿಗಳಿರುವ ಈ ಊರಿನಲ್ಲಿ ಬಿಡಿ ಮಂಡಕ್ಕಿ ಅದಕ್ಕಿಂತ ಅಗ್ಗಕ್ಕೂ ಸಿಗುತ್ತದೆ, ಗರಿಗರಿಯಾಗಿಯೂ ಇರುತ್ತದೆ. ಅಡ್ಡಗೆರೆ ಬಿದ್ದ ಡಬ್ಬಿಗಳ ಸೆಟ್ಟು, ಬೆಡ್‌ಶೀಟು, ಮಗನ ಟೀಶರ್ಟು ₹1,390. ಮೂರೂ ಸೇರಿ ₹7,260. ‘ಉಳಿಸಿದ’ ₹1,430ರಲ್ಲಿ ಸೊನ್ನೆ ಮತ್ತು ಅಡ್ಡಗೆರೆಯ ಸಾಮಾನಿನದೇ ₹820. ಆ ಸಾಮಾನು ತಾರದೆ ಇದ್ದಿದ್ದರೆ ₹820 ‘ಉಳಿಯುತ್ತಿರಲಿಲ್ಲ’, ನಿಜ. ಆದರೆ ₹3,080 ಕೈಯಲ್ಲೇ ಇರುತ್ತಿತ್ತು.

ಇನ್ನುಳಿದ ₹610 ಕೂಡ ಪೂರ್ತಿ ಲಾಭವಲ್ಲ. ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿ ಗರಿಷ್ಠ ಮಾರಾಟ ಬೆಲೆ. ಅದಕ್ಕಿಂತ ಹೆಚ್ಚಿಗೆ ಮಾರಬಾರದು ಎಂಬ ಮಿತಿ ಅದು. ಅದೇ ಬೆಲೆಗೆ ಮಾರಬೇಕೆಂದು ಯಾರೂ ಹೇಳಿಲ್ಲ. ಬೇಳೆ, ರವೆ, ಎಣ್ಣೆಯಂಥವನ್ನು ಕಿರಾಣಿ ಅಂಗಡಿಯವರೂ ಎಂಆರ್‌ಪಿಗಿಂತ ಕಡಿಮೆಗೇ ಕೊಡುತ್ತಾರೆ. ಅದೇ ಪಟ್ಟಿಗೆ ಶೆಟ್ಟರ ಅಂಗಡಿಯ ದರವನ್ನು ಫೋನಿನಲ್ಲಿ ಕೇಳಿ ಬರೆದಾಗ ಬಂದದ್ದು ₹4,440. ಅಂದರೆ ನಿಜವಾದ ಅಂತರ ₹260. ಹೋಗಿ ಬರುವ ಆಟೋ ₹160. ಉಳಿದದ್ದು ₹100, ಅದೂ ಮಾರ್ಟಿನ ಬಾಗಿಲಲ್ಲಿ ಮಕ್ಕಳಿಗೆ ಕೊಡಿಸಿದ ಐಸ್‌ಕ್ರೀಮನ್ನು ಹಿಡಿಯದೆ.

ಗಂಡ ಆ ನೂರು ರೂಪಾಯಿಯ ಮೇಲೆ ಎರಡು ಸಲ ಪೆನ್ನು ಓಡಿಸಿದರು. ಬಳಿಕ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, “ಎಣ್ಣಿ ಎಲ್ಲೈತಿ ಇದ್ರಾಗ?” ಎಂದು ಕೇಳಿದರು. ಬಿಲ್ಲಿನಲ್ಲಿ ಅಡುಗೆ ಎಣ್ಣೆಯ ಸಾಲೇ ಇರಲಿಲ್ಲ.

ಅಷ್ಟು ಹೊತ್ತು ತಲೆ ತಗ್ಗಿಸಿ ಗುರುತು ಹಾಕುತ್ತಿದ್ದ ಹೆಂಡತಿ ಪೆನ್ಸಿಲ್ ಕೆಳಗಿಟ್ಟರು. “ಏಳು ತಿಂಗಳಿಂದ ಬಿಲ್ ನೋಡ್ತೀರಿ. ಎಣ್ಣಿ ಯಾವ ಬಿಲ್ಲಿನಾಗೈತಿ ಅಂತ ಇವತ್ತು ಕೇಳಿದ್ರಿ. ಅಪ್ಪ ಎರಡು ತಿಂಗಳಿಗೊಮ್ಮೆ ಐದು ಲೀಟರ್ ಶೇಂಗಾ ಎಣ್ಣಿ ಬಸ್ಸಿನಾಗ ಇಟ್ಟು ಕಳಿಸ್ತಾರ. ತವರಿಗೆ ಕೊಟ್ಟೀನಿ ಅಂದ್ರೆಲ್ಲ, ತವರಿಂದ ಬಂದಿದ್ದಕ್ಕೆ ಬಿಲ್ ಇರಲ್ರಿ.”

ಲೀಟರಿಗೆ ₹190 ಹಿಡಿದರೂ ಒಂದು ಕ್ಯಾನಿಗೆ ₹950. ಏಳು ತಿಂಗಳಲ್ಲಿ ನಾಲ್ಕು ಕ್ಯಾನು, ₹3,800. ಎಣ್ಣೆಗಿರಣಿಗಳ ಊರಾದ ಚಳ್ಳಕೆರೆಯ ಕಡೆಯವರಿಗೆ ಮಗಳ ಮನೆಗೆ ಎಣ್ಣೆ ಕಳಿಸುವುದು ದೊಡ್ಡ ಸಂಗತಿಯಲ್ಲ, ಹೇಳಿಕೊಳ್ಳುವುದೂ ಇಲ್ಲ. ಆದರೆ ಆ ಮನೆಯ ಪುಸ್ತಕದಲ್ಲಿ ಹೋದದ್ದಕ್ಕೆ ಮಾತ್ರ ಲೆಕ್ಕವಿತ್ತು, ಬಂದದ್ದಕ್ಕೆ ಇರಲಿಲ್ಲ. ಆ ಭೇಟಿಯಲ್ಲಿ ಮುಂದೆ ಹೆಚ್ಚು ಮಾತು ಬೇಕಾಗಲಿಲ್ಲ.

ಕೊಟ್ಟ ಸಲಹೆಯಲ್ಲಿ ಮೊದಲನೆಯದು ಗಂಡನಿಗೆ: ಮುಂದಿನ ಎರಡು ತಿಂಗಳ ಸಾಮಾನು ನೀವೇ ತರಬೇಕು. ಇದನ್ನು ಶಿಕ್ಷೆ ಎಂದು ಅವರು ಮೊದಲು ಅರ್ಥ ಮಾಡಿಕೊಂಡರು. ಶಿಕ್ಷೆಯಲ್ಲ. ಟ್ರಾಲಿ ತಳ್ಳಿಕೊಂಡು ನಾಲ್ಕು ಸಾಲು ದಾಟಿದವರಿಗೆ ಮಾತ್ರ ಆ ₹1,690 ಹೇಗೆ ಸೇರಿಕೊಂಡಿತೆಂದು ಗೊತ್ತಾಗುತ್ತದೆ. ದುಡ್ಡು ಕೊಡುವವರು ಒಬ್ಬರು, ಅದರ ಜವಾಬು ಹೇಳುವವರು ಇನ್ನೊಬ್ಬರು ಎಂಬ ಏರ್ಪಾಡು ಇರುವವರೆಗೆ ಅನುಮಾನಕ್ಕೆ ಜಾಗ ಇದ್ದೇ ಇರುತ್ತದೆ.

ಎರಡನೆಯದು ಪಟ್ಟಿ. ಅಡುಗೆಮನೆ ಬಾಗಿಲಿಗೆ ಒಂದು ನೋಟ್‌ಬುಕ್ಕು ತೂಗುಹಾಕಿ, ಡಬ್ಬಿ ಕಾಲು ಭಾಗಕ್ಕೆ ಇಳಿದಾಗ ಬರೆಯುವುದು. ಪೂರ್ತಿ ಖಾಲಿಯಾದ ಮೇಲೆ ಬರೆದರೆ ನಡುವೆ ಅರ್ಧ ಕೆಜಿ ಸಕ್ಕರೆಗೆ ಶೆಟ್ಟರ ಅಂಗಡಿಗೆ ಓಡಬೇಕಾಗುತ್ತದೆ, ಅದು ಉದ್ದರಿ ಖಾತೆಗೆ ಸೇರುತ್ತದೆ. ಈ ಮನೆಯಲ್ಲಿ ಹಾಗೆ ಸೇರಿದ್ದು ತಿಂಗಳಿಗೆ ₹1,350. ಮಾರ್ಟಿನ ₹7,260ಕ್ಕೆ ಅದನ್ನು ಕೂಡಿಸಿದರೆ ₹8,610, ಮೊದಲಿನ ಖರ್ಚಿಗಿಂತ ₹2,410 ಹೆಚ್ಚು. ರೇಷನ್ ಅಕ್ಕಿ ಮತ್ತು ಊರಿನ ಜೋಳ ಬಿಟ್ಟು, ಐದು ಜನಕ್ಕೆ ತಿಂಗಳಿಗೆ ತೊಗರಿಬೇಳೆ 3 ಕೆಜಿ, ಸಕ್ಕರೆ 4, ರವೆ 3, ಅವಲಕ್ಕಿ 2, ಶೇಂಗಾ 2, ಚಹಾಪುಡಿ ಅರ್ಧ ಕೆಜಿ, ಬಟ್ಟೆ ಸೋಪಿನ ಪುಡಿ 2 ಕೆಜಿ, ಮೈ ಸೋಪು 6 ಎಂದು ಅವರೇ ಕೂತು ಗೊತ್ತು ಮಾಡಿಕೊಂಡರು. ಎರಡು ತಿಂಗಳು ಬರೆದರೆ ಸಾಕು, ಯಾವ ಮನೆಯ ಅಳತೆಯಾದರೂ ತಾನೇ ಗೊತ್ತಾಗುತ್ತದೆ.

ಮೂರನೆಯದು ದರ ನೋಡುವ ಬಗೆ. ಇದರಲ್ಲೇ ಹೆಚ್ಚಿನವರು ಸೋಲುತ್ತಾರೆ. ಪ್ಯಾಕೆಟ್ಟಿನ ಬೆಲೆಯನ್ನು ಬಿಟ್ಟು ಕೆಜಿಯ ಬೆಲೆ ನೋಡಬೇಕು. ಎಂಆರ್‌ಪಿ ಪಕ್ಕದಲ್ಲಿ ಒಂದು ಗ್ರಾಮಿಗೆ ಅಥವಾ ಒಂದು ಕೆಜಿಗೆ ಎಷ್ಟು ಎಂದು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಅದು ಎಂಆರ್‌ಪಿ ಮೇಲಿನ ಲೆಕ್ಕ. ಮಾರ್ಟಿನ ದರಕ್ಕೆ ನಾವೇ ಹಾಕಿಕೊಳ್ಳಬೇಕು: ಬೆಲೆಯನ್ನು ಗ್ರಾಮಿನಿಂದ ಭಾಗಿಸಿ 1,000ದಿಂದ ಗುಣಿಸಿದರಾಯಿತು, ಮೊಬೈಲಿನಲ್ಲಿ ಹತ್ತು ಸೆಕೆಂಡಿನ ಕೆಲಸ. ₹118ರ ‘ಆಫರ್’ ಸೋಪಿನ ಪುಡಿಯಲ್ಲಿ ಇದ್ದದ್ದು 850 ಗ್ರಾಂ, ಕೆಜಿಗೆ ₹139 ಬೀಳುತ್ತದೆ. ಪಕ್ಕದಲ್ಲೇ ಆಫರ್ ಇಲ್ಲದ ಒಂದು ಕೆಜಿ ಪ್ಯಾಕೆಟ್ ₹130ಕ್ಕೆ ಇತ್ತು. ಎಣ್ಣೆ ಕೊಳ್ಳುವವರು ಇನ್ನೂ ಎಚ್ಚರದಿಂದಿರಬೇಕು. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನೋಡಲು ಲೀಟರಿನಂತೆಯೇ ಇರುವ 850 ಗ್ರಾಮಿನ, ಅದಕ್ಕೂ ಕಡಿಮೆಯ ಪ್ಯಾಕೆಟ್ಟುಗಳಿವೆ. ₹160ಕ್ಕೆ 850 ಗ್ರಾಂ ಕೊಂಡರೆ ಕೆಜಿಗೆ ₹188. ₹168 ಕೊಟ್ಟು 910 ಗ್ರಾಂ ತಂದರೆ ₹185. ದೊಡ್ಡ ಪ್ಯಾಕು ಯಾವಾಗಲೂ ಅಗ್ಗವೆಂದೂ ನಂಬಬಾರದು. ಶಾಂಪೂವಿನಲ್ಲಿ ಎಷ್ಟೋ ಬ್ರಾಂಡುಗಳ ಸಣ್ಣ ಸ್ಯಾಷೆಯೇ ಬಾಟಲಿಗಿಂತ ಅಗ್ಗಕ್ಕೆ ಬೀಳುತ್ತದೆ.

ಆಫರ್ ಕಂಡಾಗ ಕೇಳಿಕೊಳ್ಳಬೇಕಾದ್ದು ಒಂದೇ: ಇದು 45 ದಿನದೊಳಗೆ ನಮ್ಮ ಮನೆಯಲ್ಲಿ ಖರ್ಚಾಗುತ್ತದೆಯೇ? ಸೋಪು, ಪೇಸ್ಟು ಆರು ತಿಂಗಳಿದ್ದರೂ ಕೆಡುವುದಿಲ್ಲ, ಹೆಚ್ಚಿಗೆ ತರಬಹುದು. ರವೆ, ಗೋಧಿ ಹಿಟ್ಟು, ಶೇಂಗಾ ಹಾಗಲ್ಲ. ಈ ಕಡೆಯ ಬೇಸಿಗೆಗೆ ಸುಲಿದ ಶೇಂಗಾ ತಿಂಗಳು ಕಳೆದರೆ ಕಮಟು ವಾಸನೆ ಹೊಡೆಯುತ್ತದೆ. ರವೆಯನ್ನು ತಂದ ದಿನವೇ ಸಣ್ಣ ಉರಿಯಲ್ಲಿ ಬಿಸಿಯಾಗುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ತುಂಬಬೇಕು. ಬಿಸಿಯಿರುವಾಗಲೇ ಮುಚ್ಚಳ ಹಾಕಿದರೆ ಒಳಗೆ ಬೆವೆತು ಗಂಟು ಕಟ್ಟುತ್ತದೆ. ತೊಗರಿಬೇಳೆಯನ್ನು ಎರಡು ಮೂರು ತಾಸು ಬಿಸಿಲಿಗೆ ಹಾಕಿ, ಕೆಜಿಗೆ ಒಂದು ಚಮಚ ಹರಳೆಣ್ಣೆ ಸವರಿಟ್ಟರೆ ಹುಳ ಹಿಡಿಯುವುದು ಕಡಿಮೆ. ಐದು ಕೆಜಿ ಅಗ್ಗಕ್ಕೆ ತಂದು ಒಂದು ಕೆಜಿ ಹುಳಕ್ಕೆ ಬಿಟ್ಟರೆ ಆ ರಿಯಾಯಿತಿ ಅಲ್ಲಿಗೇ ಮುಗಿಯಿತು. ರಿಯಾಯಿತಿ ಭಾರಿಯಾಗಿದ್ದರೆ ಮೊದಲು ದಿನಾಂಕ ನೋಡಬೇಕು, ಅವಧಿ ಮುಗಿಯುತ್ತ ಬಂದ ಸರಕನ್ನೂ ಹಾಗೆ ಕೊಡುವುದುಂಟು.

ಮಾರ್ಟಿಗೆ ಹೋಗಲೇಬೇಡಿ ಎಂದು ಹೇಳಲಿಲ್ಲ. ಅದು ಹಟದ ಸಲಹೆಯಾಗುತ್ತಿತ್ತು. ಸೋಪು, ಸೋಪಿನ ಪುಡಿ, ಪೇಸ್ಟು, ಬೇಳೆ, ಸಕ್ಕರೆಯಲ್ಲಿ ಅಲ್ಲಿ ನಿಜಕ್ಕೂ ಅಗ್ಗವಿದೆ. ಎರಡು ತಿಂಗಳಿಗೊಮ್ಮೆ ಆ ಸಾಮಾನಿಗೆ ಮಾತ್ರ ಹೋದರೆ ಆಟೋ ಖರ್ಚೂ ಅರ್ಧಕ್ಕಿಳಿಯುತ್ತದೆ. ಭಾನುವಾರ ಸಂಜೆ ಬಿಟ್ಟು ವಾರದ ದಿನ, ಊಟ ಮುಗಿಸಿಕೊಂಡು, ಮಕ್ಕಳನ್ನು ಮನೆಯಲ್ಲಿ ಬಿಟ್ಟು, ಪಟ್ಟಿಗೆ ಸಾಕಾಗುವಷ್ಟೇ ನಗದು ಹಿಡಿದುಕೊಂಡು ಹೋಗಬೇಕು. ಅಕ್ಕಿ ಮೂಟೆಯಂಥದ್ದಕ್ಕೆ ಮಂಡಿಪೇಟೆಯಲ್ಲೊಮ್ಮೆ ದರ ಕೇಳುವುದು ಒಳ್ಳೆಯದು. ಶೆಟ್ಟರ ಅಂಗಡಿಯನ್ನೂ ಬಿಡಬಾರದು. ತಿಂಗಳ ಕೊನೆಗೆ ಕೈ ಖಾಲಿಯಾದಾಗ ಉದ್ದರಿ ಕೊಡುವವರು ಅವರೇ. ನಗದು ವ್ಯಾಪಾರವನ್ನೆಲ್ಲ ಬೇರೆ ಕಡೆಗೆ ಒಯ್ದು ಸಾಲಕ್ಕೆ ಮಾತ್ರ ಅವರ ಬಾಗಿಲಿಗೆ ಹೋಗುವುದು ನ್ಯಾಯವಲ್ಲ, ಬಹಳ ದಿನ ನಡೆಯುವುದೂ ಇಲ್ಲ.

ಇನ್ನು ಉಳಿತಾಯ. ದಿನಸಿಗೆ ₹6,200 ಎಂದು ಇಬ್ಬರೂ ಸೇರಿ ತೆಗೆದಿಟ್ಟು, ಮಾರ್ಟು ಮತ್ತು ಖಾತೆ ಎರಡೂ ತೀರಿ ಮಿಕ್ಕದ್ದನ್ನು ಮಾತ್ರ ಉಳಿತಾಯ ಎನ್ನಬೇಕು. ಅಂಚೆ ಕಚೇರಿಯ ಆರ್‌ಡಿ ತಿಂಗಳಿಗೆ ₹100ರಿಂದ ಶುರು, ಐದು ವರ್ಷದ ಅವಧಿ, ಇಬ್ಬರ ಹೆಸರಿನಲ್ಲೂ ಮಾಡಿಸಬಹುದು. ಪಾಸ್‌ಬುಕ್ಕಿನಲ್ಲಿ ಬಿದ್ದ ಅಂಕಿಯನ್ನು ಯಾರೂ ಯಾರನ್ನೂ ‘ಎಲ್ಲಿ’ ಎಂದು ಕೇಳಬೇಕಾಗಿಲ್ಲ. ಬಿಲ್ಲಿನ ಅಚ್ಚು ಕೆಲವೇ ತಿಂಗಳಲ್ಲಿ ಅಳಿಸಿಹೋಗುವುದರಿಂದ ಮೊತ್ತವನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳಬೇಕು. ಪುಟದ ಎಡಕ್ಕೆ ಹೋದದ್ದು, ಬಲಕ್ಕೆ ಬಂದದ್ದು. ತವರಿನ ಎಣ್ಣೆ, ಹೊಲದ ಜೋಳ, ರವಿಕೆ ಹೊಲಿದ ದುಡ್ಡು ಎಲ್ಲವೂ ಬಲಕ್ಕೆ.

ಇದೇ ಸಲಹೆ ಎಲ್ಲ ಮನೆಗೂ ಹೊಂದುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಲೆಕ್ಕ ಕೇಳುವುದು ತಪ್ಪಲ್ಲ. ಲೆಕ್ಕದ ನೆಪದಲ್ಲಿ ಹೆಂಡತಿಗೆ ಮನೆ ಖರ್ಚಿಗೂ ದುಡ್ಡು ಕೊಡದಿರುವುದು, ಅವಳ ದುಡಿಮೆಯನ್ನು ಕಸಿದುಕೊಳ್ಳುವುದು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ ಪ್ರಕಾರ ಆರ್ಥಿಕ ಹಿಂಸೆ. ಕೈ ಎತ್ತುವ ಮನೆಯಲ್ಲಿ ಹೆಂಗಸಿನ ಕೈಗೆ ಪೆನ್ಸಿಲ್ ಕೊಟ್ಟು ಬಿಲ್ಲು ತಿದ್ದಿಸುವುದು ಅಪಾಯ. ಅಲ್ಲಿ ಮೊದಲು ಬೇಕಾದದ್ದು ರಕ್ಷಣೆ, ಮಹಿಳಾ ಸಹಾಯವಾಣಿ 181 ಇರುವುದು ಅದಕ್ಕೆ. ಈ ಮನೆಯಲ್ಲಿ ಅಂಥದ್ದಿಲ್ಲ ಎಂಬುದನ್ನು ಹೆಂಡತಿಯನ್ನು ಒಬ್ಬರನ್ನೇ ಕೂರಿಸಿ ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಬಿಲ್ಲು ಬಿಚ್ಚಿದ್ದು.

ಮೂರನೆಯ ಭೇಟಿಗೆ ನೋಟ್‌ಬುಕ್ಕು ಬಂತು. ಗಂಡ ತಾವೇ ಹೋಗಿ ತಂದ ಮೊದಲ ಬಿಲ್ಲು ಪಟ್ಟಿಗಿಂತ ₹640 ಹೆಚ್ಚಾಗಿತ್ತು. ಯಾವ್ಯಾವುದಕ್ಕೆ ಎಂದು ಅವರೇ ಬರೆದಿದ್ದರು. ಬಲಗಡೆಯ ಪುಟದಲ್ಲಿ ಅವರದೇ ಅಕ್ಷರದಲ್ಲಿ ‘ಚಳ್ಳಕೆರೆ ಎಣ್ಣೆ, 5 ಲೀಟರ್, ₹950’ ಎಂದಿತ್ತು. ಹೆಂಡತಿ ಮಾತಾಡುತ್ತಿದ್ದಾರೆ, ಆದರೆ ಮಕ್ಕಳ ಎದುರು ಬಂದ ಆ ಮಾತನ್ನು ಮರೆತಿಲ್ಲ, ಮರೆಯಿರಿ ಎಂದು ಹೇಳುವುದೂ ಇಲ್ಲಿಯ ಕೆಲಸವಲ್ಲ. ಅದನ್ನು ಮಕ್ಕಳ ಎದುರೇ ಹಿಂತೆಗೆದುಕೊಳ್ಳಬೇಕೆಂದು ಗಂಡನಿಗೆ ಹೇಳಲಾಗಿದೆ. ಎಡಗಡೆಯ ಪುಟದಲ್ಲಿ ಮಾತ್ರ ಒಂದು ಸಾಲು ಖಾಲಿಯಿದೆ: ಶೆಟ್ಟರ ಖಾತೆ ತೀರಿಸಿದ್ದು ಯಾರು. ಗೃಹಲಕ್ಷ್ಮಿಯ ₹2,000 ಬಂದ ತಿಂಗಳುಗಳಲ್ಲಿ ಅತ್ತೆ ಯಾರಿಗೂ ಹೇಳದೆ ಅದನ್ನು ತೀರಿಸುತ್ತಿದ್ದರು ಎಂದು ಹೆಂಡತಿಗೆ ಗೊತ್ತು, ಆಗ ಮಗನಿಗೆ ಗೊತ್ತಿರಲಿಲ್ಲ. ಸೊಸೆ ಅದನ್ನು ಬರೆಯಲು ಒಪ್ಪಲಿಲ್ಲ, ಅವರೇ ಹೇಳಲಿ ಎಂದರು. ನಾಲ್ಕನೆಯ ಭೇಟಿಗೆ ಅತ್ತೆಯವರನ್ನೂ ಕರೆದುಕೊಂಡು ಬರಲು ತಿಳಿಸಲಾಯಿತು.