ಒಂದೇ ಸಾಲಿನ ಎರಡು ಮರ

ಪ್ರಶ್ನೆ: ಮೊದಲ ಬಸುರಿನಲ್ಲಿ ಜ್ವರ ಬಂದು ಪ್ಯಾರಾಸಿಟಮಾಲ್ ತಗೊಂಡಿದ್ದೆ. ಅದರಿಂದ ಮಗುವಿಗೆ ಆಟಿಸಂ ಬರುತ್ತೆ ಅಂತ ಮೊಬೈಲಲ್ಲಿ ಓದಿದೆ. ಒಡಹುಟ್ಟಿದವರನ್ನು ಹೋಲಿಸಿದರೆ ಹಾಗೇನೂ ಇಲ್ಲ ಅಂತಲೂ ಬರೆದಿದ್ದರು. ಯಾವುದು ನಂಬಲಿ ಸರ್?
– ಓದುಗರೊಬ್ಬರು, ಶ್ರೀನಿವಾಸಪುರ

ಉತ್ತರ: ಮೊದಲು ನೆಮ್ಮದಿಯಾಗಿ ನಿದ್ದೆ ಮಾಡಿ ತಾಯಿ.

ನಿಮ್ಮೂರಿನ ಮಾವಿನ ತೋಪನ್ನೇ ತಗೊಳ್ಳಿ. ಹೊಸ ಗೊಬ್ಬರ ಹಾಕಿದ ತೋಟವನ್ನು ಪಕ್ಕದೂರಿನ ತೋಟದ ಜೊತೆ ಹೋಲಿಸಿದರೆ ಮಣ್ಣು ಬೇರೆ, ಬೋರಿನ ನೀರು ಬೇರೆ. ಒಂದೇ ಸಾಲಿನ ಎರಡು ಮರ ನೋಡಿದರೆ ಲೆಕ್ಕ ಹತ್ತಿರ ಬರುತ್ತೆ, ಅಲ್ವಾ? ಒಡಹುಟ್ಟಿದವರ ಹೋಲಿಕೆಯೂ ಹಾಗೇ. ತಾಯಿ ಒಬ್ಬಳೇ, ಮನೆ ಒಂದೇ. ಒಂದು ಬಸುರಿನಲ್ಲಿ ಮಾತ್ರೆ ತಗೊಂಡು ಇನ್ನೊಂದರಲ್ಲಿ ತಗೊಳ್ಳದ ತಾಯಂದಿರ ಮಕ್ಕಳೇ ಇಲ್ಲಿ ಉತ್ತರ ಕೊಡುವವರು.

ಸ್ವೀಡನ್‌ನಲ್ಲಿ 1995ರಿಂದ 2019ರವರೆಗೆ ಹುಟ್ಟಿದ ಸುಮಾರು 24.8 ಲಕ್ಷ ಮಕ್ಕಳ ದಾಖಲೆ ನೋಡಿದರು. ಮಾತ್ರೆ ತಗೊಂಡ ತಾಯಂದಿರ ಮಕ್ಕಳನ್ನು ತಗೊಳ್ಳದವರ ಮಕ್ಕಳ ಜೊತೆ ಸುಮ್ನೆ ಹೋಲಿಸಿದಾಗ ಆಟಿಸಂ ಅಪಾಯದ ಅನುಪಾತ 1.05 (1 ಅಂದರೆ ಎರಡೂ ಕಡೆ ಅಪಾಯ ಸಮ). ಒಡಹುಟ್ಟಿದವರೊಳಗೆ 0.98, ಅಂದರೆ ವ್ಯತ್ಯಾಸವೇ ಇಲ್ಲ. 2024ರಲ್ಲಿ ಪ್ರಕಟವಾಯಿತು.

ಈ ವಿಧಾನಕ್ಕೂ ಕೊರತೆ ಇದೆ, ಮುಚ್ಚಿಡಲಾರೆ. ಒಂದು ಬಸುರಿನಲ್ಲಿ ಮಾತ್ರ ಜೋರು ಜ್ವರ ಬಂದಿದ್ದರೆ ಅದು ಇಬ್ಬರಿಗೂ ಸಮಾನ ಅಲ್ಲ. ನುಂಗಿದ ಮಾತ್ರೆ ದಾಖಲೆಗೆ ಬರದಿದ್ದರೆ ನಿಜವಾದ ವ್ಯತ್ಯಾಸವೂ ಮಸುಕಾಗುತ್ತೆ. ಅಲ್ಲಿ ಮಾತ್ರೆ ತಗೊಂಡಿದ್ದು ದಾಖಲಾಗಿದ್ದು 100 ಮಕ್ಕಳ ತಾಯಂದಿರಲ್ಲಿ 7–8 ಮಂದಿಯದು ಮಾತ್ರ. ಆದರೂ ನಾನು ಈ ಲೆಕ್ಕಕ್ಕೇ ಜಾಸ್ತಿ ತೂಕ ಕೊಡುತ್ತೇನೆ.

ಮುಂದಿನ ಬಸುರಿನಲ್ಲಿ ಜ್ವರ ಬಂದರೆ ಹೆದರಿ ಸಹಿಸಿಕೊಂಡು ಕೂರಬೇಡಿ. ಜ್ವರವೂ ಕೂಸಿಗೆ ಒಳ್ಳೆಯದಲ್ಲ. ಡಾಕ್ಟರನ್ನು ಕೇಳಿ, ಅವರು ಹೇಳಿದಷ್ಟೇ ತಗೊಳ್ಳಿ.